ಕರಿನಂದಿಯ ಮುಯ್ಯಿ

ನನ್ನ ಹೆಸರು ವೃಷಭೇಂದ್ರ. ಹೆಸರಿನಲ್ಲಿ ಗೂಳಿಯೂ ಇದೆ, ಇಂದ್ರನೂ ಇದ್ದಾನೆ; ಆಳಿನಲ್ಲಿ ಮಾತ್ರ ಎರಡರ ಸುಳಿವೂ ಇಲ್ಲ. ದೊಡ್ಡಗಾಜನೂರಿನಲ್ಲಿ ನನಗೆ ಸುಮಾರಾದ ಒಂದು ಹೊಲ, ಎರಡು ಸೀಮೆಹಸು, ಶೈಲಶ್ರೀ ಎಂಬ ಹೆಂಡತಿ. ಮಗಳು ಸತ್ಯಮಂಗಲದ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ನನಗೆ ನಲವತ್ತು ದಾಟಿದೆ, ಮತ್ತು ಈ ನಲವತ್ತು ವರ್ಷಗಳಲ್ಲಿ ಯಾರೊಬ್ಬರೂ ನನ್ನನ್ನು ಯಾವ ತಂಡಕ್ಕೂ ಮೊದಲು ಕರೆದವರಲ್ಲ.

ಸ್ಕೂಲಿನಲ್ಲಿ ವಾಲಿಬಾಲ್ ಆಡುವಾಗ ಇಬ್ಬರು ನಾಯಕರು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಿದ್ದರು. ಕೊನೆಗೆ ಉಳಿಯುತ್ತಿದ್ದವನು ನಾನು. ಲೆಕ್ಕ ಸರಿಹೋದರೆ ಆಟ, ಹೋಗದಿದ್ದರೆ ಮುಳ್ಳುಬೇಲಿಗೆ ಬಿದ್ದ ಚೆಂಡು ತಂದುಕೊಡುವ ಕೆಲಸ. ಆ ಬೇಲಿಯ ಗೀರು ಈಗಲೂ ನನ್ನ ಮೊಣಕೈಯಲ್ಲಿದೆ. ದೊಡ್ಡವನಾದ ಮೇಲೂ ಅಷ್ಟೆ. ಹಾಲಿನ ಸಂಘದ ಆಡಳಿತ ಮಂಡಳಿಯ ಫೋಟೊ ಸಂಘದ ಗೋಡೆಯಲ್ಲಿ ತೂಗುತ್ತಿದೆ, ಅದರಲ್ಲಿ ನಾನೂ ಇದ್ದೇನೆ. ಕುರ್ಚಿಗಳ ಹಿಂದೆ ಕ್ಯಾನು ಹಿಡಿದು ಹಾದುಹೋಗುತ್ತಿರುವವನು ನಾನೇ.

ಇಂಥವನ ಫೋನಿಗೆ ಒಂದು ದಿನ ಆ ಆಟ ಬಂತು. ಅರಿಶಿನದ ಧಾರಣೆ ಹೇಳುವ ವಿಡಿಯೋ ನೋಡುತ್ತಿದ್ದೆ. ನಡುವೆ ಜಾಹೀರಾತು ಬಂದು, ಒಂದು ಕೋಟೆ ತೋರಿಸಿ, ಇದನ್ನು ಕಾಪಾಡಲು ನಿಮ್ಮಿಂದ ಮಾತ್ರ ಸಾಧ್ಯ ಎಂದಿತು. ನನ್ನಿಂದ ಮಾತ್ರ ಸಾಧ್ಯ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲವಾದ್ದರಿಂದ ಅಲ್ಲೇ ಒತ್ತಿಬಿಟ್ಟೆ. ಆಟದ ಇಂಗ್ಲಿಷ್ ಹೆಸರು ಉದ್ದವಾಗಿದೆ, ನಮ್ಮ ಕಡೆ ಅದಕ್ಕೆ ಕೋಟೆ ಆಟ ಅನ್ನುತ್ತಾರೆ. ನಿಮಗೊಂದು ಕೋಟೆ ಕೊಡುತ್ತಾರೆ. ಗೋಡೆ ಕಟ್ಟಬೇಕು, ಸೈನಿಕರನ್ನು ಸಾಕಬೇಕು, ಬೇರೆಯವರ ಕೋಟೆಗೆ ನುಗ್ಗಬೇಕು. ನಾನು 'ಕರಿನಂದಿ' ಎಂದು ಹೆಸರಿಟ್ಟುಕೊಂಡೆ. ನಿಜವಾದ ಹೆಸರು ಬರೆಯಲು ಜಾಗ ಸಾಲಲಿಲ್ಲ.

ಕೆಲವು ಹಂತ ದಾಟಿದ ಮೇಲೆ ಆಟವೇ ಒಂದು ಮಾತು ಹೇಳುತ್ತದೆ: ಇನ್ನು ಒಬ್ಬರೇ ಆಡಿ ಪ್ರಯೋಜನವಿಲ್ಲ, ಗಿಲ್ಡ್ ಸೇರಿಕೊಳ್ಳಿ. ಗಿಲ್ಡ್ ಅಂದರೆ ಆಟಗಾರರ ಸಂಘ. ಸಂಘದವರು ಒಬ್ಬರಿಗೊಬ್ಬರು ಸೈನ್ಯ ಕಳಿಸುತ್ತಾರೆ, ವಾರಕ್ಕೊಮ್ಮೆ ಒಟ್ಟಾಗಿ ಇನ್ನೊಂದು ಸಂಘದ ಮೇಲೆ ಯುದ್ಧಕ್ಕೆ ಹೋಗುತ್ತಾರೆ. ಹೀಗೆ ನಲವತ್ತು ದಾಟಿದ ಮೇಲೆ ನಾನು ಮತ್ತೆ ಸಾಲಿನಲ್ಲಿ ನಿಂತೆ, ಯಾರಾದರೂ ಆರಿಸಿಕೊಳ್ಳಲಿ ಎಂದು.

ಮೊದಲು ಸೇರಿದ್ದು ಮೈಸೂರು ಕಡೆಯವರ ಒಂದು ಗಿಲ್ಡಿಗೆ. ಕನ್ನಡದವರು, ಸಲೀಸಾಗುತ್ತದೆ ಎಂದುಕೊಂಡೆ. ಅದರ ನಾಯಕ ಯಾವ ಊರು ಬ್ರೋ ಎಂದು ಕೇಳಿದ. ತಾಳವಾಡಿ ತಾಲೂಕು, ಈರೋಡು ಜಿಲ್ಲೆ ಎಂದು ಬರೆದೆ. "ಓ ತಮಿಳ್ನಾಡಾ? ಕನ್ನಡ ಚೆನ್ನಾಗಿ ಬರೀತೀರಲ್ಲ, ಎಲ್ಲಿ ಕಲಿತ್ರಿ?" ಎಂದ. ನಮ್ಮವ್ವನ ಹತ್ತಿರ ಎಂದೆ. ಅವನು ನಗುವ ಮುಖ ಹಾಕಿದ. ನಾನು ತಮಾಷೆ ಮಾಡಿರಲಿಲ್ಲ. ಆಮೇಲೆ ದಿನಾ ಯಾವ ಹೊತ್ತಿಗೆ ಸಿಗುತ್ತೀರಿ ಎಂದು ಕೇಳಿದ್ದಕ್ಕೆ, ಹಾಲು ಕರೆದು ಸಂಘಕ್ಕೆ ಹಾಕಿ ಬಂದ ಮೇಲೆ, ಹಂದಿ ಕಾವಲಿಗೆ ಹೋಗುವ ಮುಂಚೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಮಾರನೆಯ ದಿನ ನೋಡಿದರೆ ಫೋನಿನಲ್ಲಿ ಒಂದು ಸಂದೇಶ. ಆಟದವರು ಕನ್ನಡ ಅನುವಾದವನ್ನು ಯಂತ್ರಕ್ಕೆ ಬಿಟ್ಟಿದ್ದರೋ ಏನೋ, 'ನಿಮ್ಮನ್ನು ಗಿಲ್ಡ್‌ನಿಂದ ಒದೆಯಲಾಗಿದೆ' ಎಂದಿತ್ತು. ಯಂತ್ರವಾದರೂ ಸರಿಯಾಗಿಯೇ ಹೇಳಿತ್ತು ಎನ್ನಿಸಿತು.

ಎರಡನೆಯದು 'ಸುಮ್ನೆ ಬಂದೋರು' ಎಂಬ ಗಿಲ್ಡು. ಅಲ್ಲಿ ಯಾರೂ ಏನೂ ಕೇಳಲಿಲ್ಲ, ಯಾಕೆಂದರೆ ಹೆಚ್ಚಿನವರು ಸೇರಿದ ದಿನದಿಂದ ಮತ್ತೆ ಬಂದೇ ಇರಲಿಲ್ಲ. ಎಚ್ಚರವಿದ್ದದ್ದು ಒಬ್ಬರೇ, 'ಸಿಡಿಲು' ಎಂಬ ಹೆಸರಿನವರು. ಮೀಸೆ ತಿರುವುವ ಇಪ್ಪತ್ತೈದರ ಹುಡುಗ ಎಂದು ನಾನು ಅಂದಾಜು ಮಾಡಿಕೊಂಡೆ. ನಾನು ಡೇರಿಗೆ ಹೋಗಿ ಬರುವಷ್ಟರಲ್ಲಿ ಯಾರೋ ನನ್ನ ಕೋಟೆಗೆ ನುಗ್ಗಿ ಗೋಡೆಗಳನ್ನೆಲ್ಲ ನೆಲಕ್ಕೆ ಹಾಕಿದ್ದ ದಿನ ಈ ಸಿಡಿಲು ತನ್ನ ಸೈನ್ಯವನ್ನು ಕಳಿಸಿಕೊಟ್ಟರು. ಒಂದು ದಿನವಲ್ಲ, ನನ್ನ ಗೋಡೆ ಮತ್ತೆ ಎದ್ದು ನಿಲ್ಲುವವರೆಗೂ ದಿನಾ ಕಳಿಸಿದರು. ಬಡಗಲ ಬಾಗಿಲನ್ನು ಯಾವಾಗಲೂ ಸ್ವಲ್ಪ ಸಡಿಲ ಬಿಡಿ, ಎಲ್ಲರೂ ತೆಂಕಲಿನಿಂದ ನುಗ್ಗುತ್ತಾರೆ, ಅಲ್ಲಿ ಗಟ್ಟಿ ಮಾಡಿ ಎಂದು ಉಪಾಯವನ್ನೂ ಹೇಳಿಕೊಟ್ಟರು. "ನನ್ ಕ್ವಾಟನೂ ಅಂಗೇ ಅದ. ಯಾರ್ಗೂ ಏಳ್ಬ್ಯಾಡಿ" ಎಂದು ಬರೆದರು.

ಓದಿದ್ದನ್ನೇ ಇನ್ನೊಮ್ಮೆ ಓದಿದೆ. ಇದು ನಮ್ಮ ಬೆಟ್ಟದ ಮಾತು. ಈ ಉಪಕಾರ ಹೇಗೆ ತೀರಿಸಲಿ ಎಂದು ಕೇಳಿದೆ. ಸಿಡಿಲು ಬರೆದ ಉತ್ತರ ಇಷ್ಟೆ: "ಮುಯ್ಯಿ ಅಂತ ಮಡಿಕಳಿ."

ಮುಯ್ಯಿ ಅಂದರೆ ಏನೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇವತ್ತು ನೀನು ನನ್ನ ಹೊಲಕ್ಕೆ ಬಂದು ಒಂದು ದಿನ ಗೇದರೆ, ನಾಳೆ ನಾನು ನಿನ್ನ ಹೊಲಕ್ಕೆ ಬಂದು ಒಂದು ದಿನ ಗೇಯುತ್ತೇನೆ. ಕೂಲಿಯಿಲ್ಲ, ಬರೆದಿಡುವುದಿಲ್ಲ, ಮರೆಯುವುದೂ ಇಲ್ಲ. ನನಗೆ ಬರಲಾಗದಿದ್ದರೆ ನನ್ನ ಬದಲು ಮನೆಯಿಂದ ಇನ್ನೊಬ್ಬರನ್ನು ಕಳಿಸಬೇಕು. ಅದನ್ನೂ ಮಾಡದವನ ಹೊಲಕ್ಕೆ ಮುಂದಿನ ಸಲ ಯಾರೂ ಬರುವುದಿಲ್ಲ. ಬೈಯುವುದೂ ಇಲ್ಲ, ಸುಮ್ಮನೆ ಬರುವುದಿಲ್ಲ.

ಸಿಡಿಲು ಅಷ್ಟು ಮಾಡಿದ ಮೇಲೂ ನಾನು ಆ ಗಿಲ್ಡಿನಲ್ಲಿ ನಿಲ್ಲಲಿಲ್ಲ. ಮಲಗಿದವರ ನಡುವೆ ಎಷ್ಟು ದಿನ ಕೂರುವುದು ಎನ್ನಿಸಿತು. ಗೆಲ್ಲಬೇಕು, ಹೆಸರು ಮೇಲಕ್ಕೆ ಬರಬೇಕು ಎಂಬ ಹುಚ್ಚು ಹತ್ತಿತ್ತು. ಅಷ್ಟರಲ್ಲಿ 'ಕೊಂಗು ಕಾಳೈ' ಎಂಬ ದೊಡ್ಡ ಗಿಲ್ಡಿನವರು ಕರೆದರು. ತಮಿಳಿನಲ್ಲಿ ಕಾಳೈ ಅಂದರೆ ಗೂಳಿ. ನನ್ನ ಹೆಸರಿನ ನಂದಿಯನ್ನು ನೋಡಿ ಕರೆದರೋ, ಜನ ಕಡಿಮೆ ಬಿದ್ದಿತ್ತೋ, ನಾನು ವಿಚಾರಿಸಲು ಹೋಗಲಿಲ್ಲ. ಅವರ ಲೀಡರ್ ಘಟ್ಟದ ಕೆಳಗಿನ ಕೊಂಗು ಸೀಮೆಯಲ್ಲಿ ಟೈರ್ ಅಂಗಡಿ ಇಟ್ಟವನು, ಮಾತಿನಲ್ಲಿ ಬಹಳ ಮರ್ಯಾದೆ. ನನ್ನನ್ನು 'ತಾಳವಾಡಿ ಅಣ್ಣಾ' ಎಂದೇ ಕರೆಯುತ್ತಿದ್ದ. ಮೊದಲ ದಿನವೇ "ಅಣ್ಣಾ, ನೀಂಗ ಇಲ್ಲಾಮ ಮುಡಿಯಾದು" ಎಂದುಬಿಟ್ಟ. ನೀವಿಲ್ಲದೆ ಆಗುವುದಿಲ್ಲ ಎಂದರ್ಥ. ಹತ್ತು ಜನಕ್ಕೆ ಅದನ್ನೇ ಹೇಳಿರುತ್ತಾನೆ ಎಂದು ನನಗೂ ಗೊತ್ತಿತ್ತು. ಆದರೂ ಆ ದಿನ ಹಸುಗಳಿಗೆ ಒಂದು ಹೊರೆ ಹುಲ್ಲು ಹೆಚ್ಚಾಗಿಯೇ ಹಾಕಿದೆ.

ಇಲ್ಲಿ ಆಟ ಹುಡುಗಾಟವಾಗಿರಲಿಲ್ಲ. ಯುದ್ಧಕ್ಕೊಂದು ಹೊತ್ತು, ಅಭ್ಯಾಸಕ್ಕೊಂದು ಹೊತ್ತು, ಸೋತದ್ದೇಕೆ ಎಂದು ಚರ್ಚಿಸಲು ಇನ್ನೊಂದು ಹೊತ್ತು. ದಿನಕ್ಕೆ ಒಂದೇ ಗಂಟೆ ಎಂದು ಶೈಲಶ್ರೀಗೆ ಮಾತು ಕೊಟ್ಟಿದ್ದೆ. ಯಾವ ಗಂಟೆ ಎಂದು ಹೇಳಿರಲಿಲ್ಲ. ಸಮತೋಲನ ಕಾಪಾಡಿಕೊಳ್ಳಬೇಕು ಎಂದು ನನಗೂ ಆಸೆಯಿತ್ತು. ಒಂದು ಕೈಯಲ್ಲಿ ಹಾಲು ಕರೆಯುತ್ತ ಇನ್ನೊಂದು ಕೈಯಲ್ಲಿ ಕೋಟೆ ಕಾಯುವ ಪ್ರಯತ್ನವನ್ನೂ ಮಾಡಿದೆ. ಹಸು ಬಕೆಟ್ಟಿಗೆ ಒದ್ದಿತು. ಆ ವರ್ಷ ನನ್ನನ್ನು ಒದೆಯದೆ ಬಿಟ್ಟವರು ಕಡಿಮೆ.

ಸಿಗ್ನಲ್ಲಿನದೇ ಇನ್ನೊಂದು ಕಥೆ. ನಮ್ಮ ಮನೆಯ ಜಗಲಿಯಲ್ಲಿ ಫೋನಿಗೆ ತಮಿಳುನಾಡು ಸಿಗುತ್ತದೆ, ಕೊಟ್ಟಿಗೆಯ ಹಿಂದಕ್ಕೆ ಹೋದರೆ ಕರ್ನಾಟಕ. ಎರಡೂ ಒಂದಕ್ಕೊಂದು ತಂಟೆ ಮಾಡದೆ ನೆಟ್ಟಗೆ ಸಿಗುವ ಜಾಗ ಹೊಲದ ಬದುವಿನ ಹೊಂಗೆ ಮರದ ಕೆಳಗಿನ ಕಲ್ಲು. ನಾನು ಆ ಕಲ್ಲಿನ ಮೇಲೆ ಕೂತೆ. ಮಳೆ ಬಂದಾಗ ಕೊಡೆ ಹಿಡಿದು ಕೂತೆ. ಪಕ್ಕದ ಹೊಲದ ಪುಟ್ಟಬಸಪ್ಪಣ್ಣ ನೋಡಿ, "ಏನ್ಲಾ ವೃಷಬೇಂದ್ರ, ತಪಸ್ಸಾ?" ಎಂದ. ಅರಿಶಿನಕ್ಕೆ ಕಾಯಿಲೆ ಬಂದಿದೆ, ಆಫೀಸರನ್ನು ಕೇಳುತ್ತಿದ್ದೇನೆ ಎಂದೆ. ನನ್ನ ಅರಿಶಿನ ಚೆನ್ನಾಗಿಯೇ ಇತ್ತು.

ಹೊಲದಲ್ಲಿ ಮುಯ್ಯಿಯ ಕೆಲಸ ಬಂದಾಗಲೆಲ್ಲ ಯುದ್ಧವೂ ಬರುತ್ತಿತ್ತು. ಒಬ್ಬರ ಹೊಲದಲ್ಲಿ ಕೋಸು ನಾಟಿ, ಇನ್ನೊಬ್ಬರಲ್ಲಿ ಬೆಳ್ಳುಳ್ಳಿ ಕಳೆ. ನನ್ನ ಬದಲು ಶೈಲಶ್ರೀ ಹೋಗುತ್ತಿದ್ದಳು. ಬದಲು ಕಳಿಸುವುದು ನಮ್ಮಲ್ಲಿ ತಪ್ಪಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳೇನೂ ಅನ್ನಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದಳು. ಅವಳು ಏನೂ ಅನ್ನದಿದ್ದಾಗ ಹೆದರಬೇಕು ಎಂಬುದು ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಹೊಳೆಯಲಿಲ್ಲ.

ಲೀಗಿನ ಕೊನೆಯ ಯುದ್ಧ ಬಂತು. ಒಂದು ಭಾನುವಾರ ಬೆಳಿಗ್ಗೆ. ನನಗೆ ಹಂಚುವ ಕೋಟೆಯನ್ನು ಗೆದ್ದರೆ ನನ್ನನ್ನು ಉಪನಾಯಕ ಮಾಡುವುದಾಗಿ ಲೀಡರ್ ಎಲ್ಲರೆದುರು ಹೇಳಿದ್ದ. ಅದೇ ದಿನ ಪುಟ್ಟಬಸಪ್ಪಣ್ಣನ ಹೊಲದಲ್ಲಿ ಆಲೂಗಡ್ಡೆ ಕೀಳುವ ಮುಯ್ಯಿ. ಅವನದು ಆದ ಮರುವಾರ ನನ್ನದು. ನನ್ನ ಆಲೂಗಡ್ಡೆಯೂ ಬಲಿತು ಕೂತಿತ್ತು, ಹಂದಿಗಳಿಗೆ ವಾಸನೆ ಸಿಗುವ ಮೊದಲು ಕಿತ್ತು ಗಾಡಿಗೆ ಹಾಕಬೇಕಿತ್ತು.

"ಪಟ್ಟಾ ವಿಚಾರ ಅದ, ತಾಲೂಕಾಫೀಸ್ಗ ಓಗ್ಬೇಕು. ನೀನೇ ಓಗ್ಬುಟ್ಟು ಬಾ" ಎಂದೆ ಶೈಲಶ್ರೀಗೆ.

"ಬಾನ್ವಾರ ತಾಲೂಕಾಫೀಸ್ ತಗ್ದಿರ್ತಾರಾ?" ಎಂದಳು.

"ಸ್ಪೆಸಲ್ ಕ್ಯಾಂಪು" ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ ಬುತ್ತಿ ಕಟ್ಟಿಕೊಂಡು ಹೋದಳು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ತಾಳವಾಡಿಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿ, ಸುತ್ತು ಹಾಕಿ ಹಿಂದಿನಿಂದ ಬಂದು ಹೊಂಗೆ ಮರದ ಕೆಳಗೆ ಕೂತೆ.

ಎದುರಾಳಿಗಳ ಹೆಸರು ಪರದೆಯ ಮೇಲೆ ಮೂಡಿತು. ನನಗೆ ಬಂದ ಕೋಟೆ ಸಿಡಿಲಿನದು. ಸುಮ್ನೆ ಬಂದೋರು ಪೂರ್ತಿ ಮಲಗಿದ ಮೇಲೆ ಸಿಡಿಲೂ ಬೇರೆ ಗಿಲ್ಡು ಸೇರಿದ್ದರೆಂದು ಆಗ ಗೊತ್ತಾಯಿತು. ಬಡಗಲ ಬಾಗಿಲು ಸಡಿಲ ಎಂಬ ಗುಟ್ಟು ಇಡೀ ಆಟದಲ್ಲಿ ನನಗೊಬ್ಬನಿಗೇ ಗೊತ್ತು. ಅದನ್ನು ನನಗೆ ಹೇಳಿದವರು ಅವರೇ, ನನ್ನ ಗೋಡೆ ಎಬ್ಬಿಸಿದವರೂ ಅವರೇ. ಆ ಮುಯ್ಯಿ ನನ್ನ ತಲೆಯ ಮೇಲೆ ಹಾಗೇ ಇತ್ತು. ಉಪನಾಯಕನಾಗಬೇಕು ಎಂಬ ಆಸೆ ಸುಳ್ಳಲ್ಲ. ನಲವತ್ತು ವರ್ಷ ಕಾದ ಆಸೆ ಅದು. ಆದರೆ ಯಾರ ಮುಯ್ಯಿ ತೀರಿಸಬೇಕೋ ಅವರ ಮನೆಯ ಬಾಗಿಲನ್ನೇ ಒಡೆಯುವುದು ಹೇಗೆ? ಫೋನಿನಿಂದ ಲೀಡರ್ ಕೂಗುತ್ತಿದ್ದ: "ತಾಳವಾಡಿ ಅಣ್ಣಾ, ಅಡಿಂಗಣ್ಣಾ, ಟೈಮ್ ಪೋಗುದು." ಹೊಡೆಯಿರಿ, ಹೊತ್ತು ಹೋಗುತ್ತಿದೆ ಎಂದು.

ನಾನು ನನ್ನ ಸೈನ್ಯವನ್ನೆಲ್ಲ ಒಟ್ಟುಮಾಡಿ ತೆಂಕಲ ಗೋಡೆಗೆ, ಅಂದರೆ ಎಲ್ಲಕ್ಕಿಂತ ಗಟ್ಟಿಯಾದ ಗೋಡೆಗೆ ನುಗ್ಗಿಸಿದೆ. ಅವರು ಗುದ್ದಿದರು, ಗುದ್ದಿದರು, ಅಲ್ಲೇ ಒಬ್ಬೊಬ್ಬರಾಗಿ ಸತ್ತರು. ಗೋಡೆಯ ಒಂದು ಕಲ್ಲೂ ಅಲುಗಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ತ್ಯಾಗ ಮಾಡಿದೆನೆಂಬ ಹೆಮ್ಮೆಯ ನೀರು ಅದು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಕೋಟೆ ಗೆದ್ದವರಿಗೆ ಆಟ ಸ್ಟಾರು ಕೊಡುತ್ತದೆ; ನಮ್ಮ ಗಿಲ್ಡು ಒಂದೇ ಒಂದು ಸ್ಟಾರಿನಿಂದ ಸೋತಿತು. ಎಲ್ಲರೂ ಫೋನಿನಲ್ಲಿ ಒಟ್ಟಿಗೆ ಸೇರಿದ್ದಾಗ ಲೀಡರ್ ಕೇಳಿದ, ಏನಣ್ಣಾ ಆಯ್ತು ಎಂದು. ಸಿಗ್ನಲ್ ಹೋಯಿತು ಎಂದಿದ್ದರೆ ಮುಗಿಯುತ್ತಿತ್ತು, ನಮ್ಮೂರಿನ ಸಿಗ್ನಲ್ಲಿನ ಮೇಲೆ ಎಂಥ ಪಾಪವನ್ನಾದರೂ ಹಾಕಬಹುದು. ಆದರೆ ಹೆಮ್ಮೆಯಿತ್ತಲ್ಲ, ನಾನು ಮುಯ್ಯಿಯ ಪದ್ಧತಿಯನ್ನು ತಮಿಳಿನಲ್ಲಿ ವಿವರಿಸಲು ಹೊರಟೆ. ಬೆಳ್ಳುಳ್ಳಿ ಕಳೆಯಿಂದ ಶುರುಮಾಡಿದೆ. ಹದಿನೈದು ಜನ ಉಸಿರೆತ್ತದೆ ಕೇಳಿದರು. ಕೊನೆಗೆ ಲೀಡರ್ ಮೆತ್ತಗೆ, ಮರ್ಯಾದೆಯಿಂದಲೇ, "ಅಣ್ಣಾ, ಇದು ಯುದ್ಧ ಅಣ್ಣಾ, ವಯಲ್ ಇಲ್ಲೆ" ಎಂದ. ಇದು ಹೊಲವಲ್ಲ ಎಂದು. ಆಮೇಲೆ ಪರದೆಯ ಮೇಲೆ ಆ ಹಳೆಯ ಸಂದೇಶವೇ ಬಂತು. ನನ್ನನ್ನು ಒದೆಯಲಾಗಿತ್ತು.

ಫೋನು ಜೇಬಿಗಿಟ್ಟು ತಲೆಯೆತ್ತಿದರೆ ಬದುವಿನಾಚೆ ಪುಟ್ಟಬಸಪ್ಪಣ್ಣನ ಹೊಲದಲ್ಲಿ ಮುಯ್ಯಾಳುಗಳೆಲ್ಲ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನತ್ತಲೇ ನೋಡುತ್ತಿದ್ದರು. ಲೀಡರ್ ಸ್ಪೀಕರಿನಲ್ಲಿ ಕೂಗಿದ್ದೆಲ್ಲ ಅಲ್ಲಿಗೆ ಕೇಳಿತ್ತು. ಶೈಲಶ್ರೀ ಮಾತ್ರ ನೋಡಲಿಲ್ಲ, ಬಗ್ಗಿ ಆಲೂಗಡ್ಡೆ ಆರಿಸುತ್ತಿದ್ದಳು.

ನಮ್ಮ ಆಲೂಗಡ್ಡೆಯ ಸರದಿ ಹತ್ತಿರ ಬಂದಾಗ, ಊಟಕ್ಕೆ ಕೂತವನು ಮೆಲ್ಲಗೆ ಕೇಳಿದೆ: "ಸೋಮಾರಕ್ಕ ಯಾರ್ಯಾರು ಬತ್ತರ?"

"ಯಾರ್ಗ?"

"ನಮ್ ಆಲೂಗಡ್ಡಗ."

"ನನ್ ಮುಯ್ಯಾಳ್ಗಳ್ನ ನಾನು ಅರಿಸ್ಣಕ್ಕ ಮಡಿಕಂಡಿವ್ನಿ" ಎಂದು ಅವಳು ಸಾರು ಬಡಿಸಿದಳು. "ಕೋಸ್ಗ ಓದೋಳು ನಾನು, ಬೆಳ್ಳುಳ್ಳಿಗ ಓದೋಳು ನಾನು, ಪುಟ್ಬಸಪ್ಪಣ್ಣನ ಒಲಕ್ಕ ಓದೋಳೂ ನಾನೇ. ಅವೆಲ್ಲ ನನ್ ಮುಯ್ಯಿ. ಆಲೂಗಡ್ಡ ನೀವಾಕ್ದದ್ದು. ನಿಮ್ ಗಿಲ್ಡೋರ್ನ ಕರೀರಿ."

"ಬುಟ್ಬುಟ್ರು ನನ್ನ" ಎಂದೆ.

"ಗೊತ್ತು" ಎಂದಳು. "ಬದಿನ್ ಮ್ಯಾಲ ಕೂತ್ಕಂಡು ಬೆಳ್ಳುಳ್ಳಿ ಕಳೆ ಕತೆ ಏಳ್ತಿದ್ರಲ್ಲ. ಅಷ್ಟ್ ದಿನ್ದಲ್ಲಿ ನೀವು ಕಳೆಗ ಬಂದದ್ದು ಅದೊಂದೇ ದಪ."

ಮಾರನೆಯ ದಿನ ಮನೆ ಮನೆಗೆ ಹೋದೆ. ಯಾರೂ ಬೈಯಲಿಲ್ಲ. ಒಬ್ಬರಿಗೆ ಮೈ ಹುಷಾರಿಲ್ಲ, ಒಬ್ಬರಿಗೆ ಚಾಮರಾಜನಗರದಲ್ಲಿ ಮದುವೆ. ಮುಯ್ಯಾಳುಗಳಲ್ಲಿ ಒಬ್ಬನಾದ ಶಿವಮಲ್ಲು ಮಾತ್ರ ನೇರವಾಗಿ, "ಅತ್ಗಮ್ಮ ಕರುದ್ರ ಬತ್ತಿನಿ ಕನಣ್ಣ" ಎಂದ. ನನಗೆ ಆ ಹೊತ್ತು ಆದ ಸಂಕಟ ದೊಡ್ಡದು. ಸ್ಕೂಲಿನಲ್ಲಿ ಕೊನೆಯವನಾಗಿ ನಿಂತಾಗಲೂ ಲೆಕ್ಕಕ್ಕೆ ಇದ್ದೆ. ಈಗ ಲೆಕ್ಕದಲ್ಲಿಯೇ ಇರಲಿಲ್ಲ.

ಮನೆಗೆ ಬಂದು ಕಲ್ಲಿನ ಮೇಲೆ ಕೂತು, ಆಟ ತೆರೆದು, ಎಲ್ಲ ಆಟಗಾರರಿಗೂ ಕಾಣುವ ಜಾಗದಲ್ಲಿ ಬರೆದೆ: 'ಸೋಮವಾರ ದೊಡ್ಡಗಾಜನೂರಿನಲ್ಲಿ ಆಲೂಗಡ್ಡೆ ಕೀಳುವುದಿದೆ. ಮುಯ್ಯಿಗೆ ಬರುವವರು ಬರಬಹುದು. ಊಟವಿದೆ. ಕರಿನಂದಿ.' ಲೋಕದ ಸಾವಿರಾರು ಯೋಧರು ಅದನ್ನು ನೋಡಿದರು. ಒಬ್ಬ ನಗುವ ಮುಖ ಹಾಕಿದ. ಇನ್ನೊಬ್ಬ, ಆಲೂಗಡ್ಡೆ ಎಷ್ಟನೇ ಲೆವೆಲಿನ ಶತ್ರು ಎಂದು ಕೇಳಿದ. ಮೈಸೂರಿನ ಆ ಹಳೆಯ ನಾಯಕ ಕೂಡ ಗುರುತು ಹಿಡಿದು, ಕಾಗುಣಿತ ಸರಿಯಾಗಿದೆ ಬ್ರೋ ಎಂದು ಮೆಚ್ಚಿಕೊಂಡ. ನಾನು ಫೋನು ಮುಚ್ಚುವಷ್ಟರಲ್ಲಿ ಇನ್ನೊಂದು ಸಾಲು ಬಂತು. ಸಿಡಿಲು ಬರೆದದ್ದು: "ತಾಳವಾಡಿಲಿ ಇಳುದ್ರ ಎಷ್ಟ್ ದೂರ?"

ಸೋಮವಾರ ಬೆಳಿಗ್ಗೆ ನಾನೂ ಶೈಲಶ್ರೀಯೂ ಇಬ್ಬರೇ ಹೊಲದಲ್ಲಿದ್ದೆವು. "ಒಲ ಇಬ್ಬರ್ದೂ, ಅದ್ಕ ಬಂದಿವ್ನಿ" ಎಂದು ಮೊದಲೇ ಸ್ಪಷ್ಟಪಡಿಸಿದ್ದಳು. ಒಂದೆರಡು ಸಾಲು ಮುಗಿಯುವಷ್ಟರಲ್ಲಿ ರಸ್ತೆಯಲ್ಲಿ ಆಟೋ ನಿಂತು, ಐವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಇಳಿದರು. ಎಡಗಾಲು ಸ್ವಲ್ಪ ಎಳೆಯುತ್ತ ಬದುವಿನ ಮೇಲೆ ಬಂದರು. ಕೈಯಲ್ಲಿ ಸ್ವಂತ ಗುದ್ದಲಿ.

"ಆಸನೂರಿಂದ ಬತ್ತಾ ಇವ್ನಿ. ದಾರಿಲಿ ಆನ ನಿಂತಿತ್ತು, ಬಸ್ಸು ಲೇಟಾಯ್ತು" ಎಂದರು. "ಕರಿನಂದಿ ಯಾರಪ್ಪ?"

ಶೈಲಶ್ರೀ ಸುತ್ತ ಯಾರನ್ನೋ ಹುಡುಕುವಂತೆ ನೋಡಿ, ಆಮೇಲೆ ಬೇರೆ ದಾರಿಯಿಲ್ಲದೆ ನನ್ನತ್ತ ಬೊಟ್ಟು ಮಾಡಿದಳು. ಮೀಸೆ ತಿರುವುವ ನನ್ನ ಸಿಡಿಲು ವಸಂತಮ್ಮ ಎಂಬ ಹೆಂಗಸಾಗಿದ್ದರು. ಹಾಸನೂರಿನ ಹತ್ತಿರ ಅವರದೊಂದು ಸಣ್ಣ ರಾಗಿ ಹೊಲವಿದೆ. ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದಾಗ ಹೊತ್ತು ಹೋಗದೆ ಆಟ ಕಲಿತರಂತೆ. ಕಾಲು ಕೂಡಿಕೊಂಡಿತು, ಆಟ ಬಿಡಲಿಲ್ಲ.

ಅವರು ಗುದ್ದಲಿ ಹಾಕಲು ಶುರುಮಾಡಿದ ಮೇಲೆ ನಾನು ಹಿಂದೆ ಬಿದ್ದೆ. ನಾನು ಕಿತ್ತ ಆಲೂಗಡ್ಡೆಯಲ್ಲಿ ಅರ್ಧಕ್ಕೆ ಗುದ್ದಲಿ ತಾಕಿ ಸೀಳಿರುತ್ತಿತ್ತು, ಅವರದು ಒಂದಕ್ಕೂ ಗೀರಿಲ್ಲ. ಶೈಲಶ್ರೀ ಇಬ್ಬರ ಬುಟ್ಟಿಯನ್ನೂ ನೋಡಿದಳು, ಬದುವಿಗೆ ಹೋಗಿ ಯಾರಿಗೋ ಫೋನು ಮಾಡಿದಳು. "ಅಷ್ಟ್ ದೂರದಿಂದ ಬಂದೋರ್ ಮುಂದ ಊರ್ ಮಾನ ಓಗ್ಬಾರ್ದು, ಬಂದ್ಬುಡಿ" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಶಿವಮಲ್ಲು ಬಂದ, ಪುಟ್ಟಬಸಪ್ಪಣ್ಣ ಬಂದ, ಮೈ ಹುಷಾರಿಲ್ಲದವರೂ ಬಂದರು. ಚಾಮರಾಜನಗರದ ಮದುವೆಯೂ ಮುಂದಕ್ಕೆ ಹೋಗಿತ್ತು.

ಮಧ್ಯಾಹ್ನ ಹೊಂಗೆ ಮರದ ನೆರಳಿನಲ್ಲಿ ಎಲ್ಲರೂ ಉಣ್ಣಲು ಕೂತೆವು. ವಸಂತಮ್ಮ ಮುದ್ದೆ ಮುರಿಯುತ್ತ ನನ್ನನ್ನು ಕೇಳಿದರು: "ಅವತ್ತು ಯಾಕ ಅಂಗ್ ಮಾಡುದ್ರಿ?"

ಈ ಮಾತಿಗಾಗಿಯೇ ನಾನು ಬೆಳಗಿನಿಂದ ಕಾದಿದ್ದೆ. ಎಲ್ಲರಿಗೂ ಕೇಳುವಂತೆ, ಆದಷ್ಟು ವಿನಯದಿಂದ ಹೇಳಿದೆ: "ನಿಮ್ ಮುಯ್ಯಿ ಇತ್ತಲ್ಲಕ್ಕ. ಬಡಗಲ್ ಬಾಗ್ಲು ಗೊತ್ತಿದ್ದೂ ನಾನು ಬುಟ್ಬುಟ್ಟಿ."

ಅವರು ಮುದ್ದೆಯನ್ನು ತಟ್ಟೆಗೆ ಇಟ್ಟರು.

"ಯಾವ್ ಬಾಗ್ಲು? ಅದ ಮುಚ್ಚಿ ಅಲ್ಲೇ ಬಲೆ ಮಡ್ಗಿದ್ದಿ ನಾನು. ನಂದಿ ಬಂದ್ರ ಬಡಗ್ಲಿಂದ್ಲೇ ಬತ್ತನ ಅಂತ ಗೊತ್ತಿತ್ತಲ್ಲ, ಒಂದ್ ತಿಂಗ್ಳು ಕೂತು ಕಟ್ಟಿದ್ದಿ. ನೀವ್ ಬಂದಿದ್ರ ಒಬ್ರೂ ಉಳೀತಿರ್ನಿಲ್ಲ."

ಶಿವಮಲ್ಲು ಕೆಮ್ಮಿದ. ನಾನು ಸಾರಿನ ಕಡೆ ನೋಡಿದೆ. ಒಟ್ಟಿನಲ್ಲಿ ಬಿಟ್ಟರೂ ಸೋಲು, ಬಿಡದಿದ್ದರೂ ಸೋಲು. ನಾನು ತ್ಯಾಗ ಮಾಡಲು ನನ್ನ ಕೈಯಲ್ಲಿ ಏನೂ ಇರಲೇ ಇಲ್ಲ.

ವಸಂತಮ್ಮ ಸುಮ್ಮನಾಗಲಿಲ್ಲ. ಅವರಿಗೆ ನಿಜಕ್ಕೂ ನೋವಾಗಿತ್ತು. "ಬೆಳಿಗ್ಗಿಂದ ನಾನು ಕಾಯ್ತಾ ಕೂತಿದ್ದಿ, ನಂದಿ ಬತ್ತನ, ನಾನ್ ಕಲ್ಸುದ್ದ ನನ್ ಮ್ಯಾಲೇ ತೋರುಸ್ತನ ಅಂತ. ನೀವ್ ಓಗಿ ಗ್ವಾಡ ಗುದ್ದುದ್ರಿ. ನಾನ್ ಗೆದ್ದಿ ಅಂತ ನಮ್ ಗಿಲ್ಡಲ್ಲಿ ಯಾರೂ ಒಪ್ನಿಲ್ಲ, ಎದುರ್ನವ್ನು ದಡ್ಡ ಅಂದ್ರು. ಮುಯ್ಯಿ ಅಂದ್ರ ಕರ್ದಾಗ ಬಂದು ಗೇಯದು ಕನಪ್ಪ. ಕೈ ಕಟ್ಕಂಡು ಬುಟ್ಬುಡದಲ್ಲ. ಅದು ಲೆಕ್ಕಕ್ಕ ಬರಲ್ಲ. ಅವತ್ತಿಂದು ಅಂಗೇ ಅದ, ಇವತ್ತಿಂದು ಸೇರುದ್ರ ನೀವ್ ನಂಗ ಎರಡಾಳು."

"ನಂಗ ಇನ್ನೂ ಜಾಸ್ತಿ ಅದ" ಎಂದಳು ಶೈಲಶ್ರೀ, ಅವರಿಗೆ ಇನ್ನೊಂದು ಸೌಟು ಸಾರು ಬಡಿಸುತ್ತ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ವಸಂತಮ್ಮನ ಮಾತು ಎದೆಯಲ್ಲಿ ನಾಟಿತ್ತು. ನಾನು ಬರುತ್ತೇನೆಂದು ಒಬ್ಬರು ಬೆಳಗಿನಿಂದ ಕಾದಿದ್ದರು. ಲೀಡರ್ ಕಾದದ್ದು ಒಂದು ಸ್ಟಾರಿಗೆ, ಇವರು ಕಾದದ್ದು ನನಗೆ. ಜೀವಮಾನದಲ್ಲಿ ಒಂದೇ ಒಂದು ಸಲ ಹಾಗಾದಾಗ ನಾನು ಹೋಗಿ ಗೋಡೆ ಗುದ್ದಿದ್ದೆ.

ಅವರ ಗಿಲ್ಡಿಗೆ ನನ್ನನ್ನು ಸೇರಿಸಿಕೊಳ್ಳಲು ವಸಂತಮ್ಮ ಅಲ್ಲಿನವರನ್ನು ಕೇಳಿದರಂತೆ. ಆ ಗೋಡೆಯವನಾ, ಬೇಡ ಎಂದರಂತೆ. ನಾನು ಮತ್ತೆ ಸುಮ್ನೆ ಬಂದೋರಿಗೆ ಅರ್ಜಿ ಹಾಕಲು ಹೋದೆ. ಆ ಗಿಲ್ಡಿಗೆ ಅರ್ಜಿಯೇ ಬೇಡ, ಬಾಗಿಲು ತೆರೆದೇ ಇತ್ತು. ನಾನು ಬಿಟ್ಟುಹೋದದ್ದು ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಹಾಲು ಹಾಕಿ ಬಂದ ಮೇಲೆ ಒಂದಿಷ್ಟು ಹೊತ್ತು ಆಡುತ್ತೇನೆ. ಒಬ್ಬನೇ ಎಚ್ಚರವಿರುವ ಗಿಲ್ಡಿಗೆ ನಾಯಕ, ಉಪನಾಯಕ ಎಲ್ಲ ಈಗ ನಾನೇ.

ಕಾರ್ತಿಕ ಕಳೆದು ಹಾಸನೂರಿನಲ್ಲಿ ರಾಗಿ ಕೊಯ್ಲು ಬಂತು. ವಸಂತಮ್ಮ ಫೋನು ಮಾಡಿ ಕರೆದರು. ಶೈಲಶ್ರೀಯನ್ನು ಬದಲು ಕಳಿಸುವ ಮಾತನ್ನು ನಾನು ಎತ್ತಲಿಲ್ಲ, ಎತ್ತಿದ್ದರೆ ಈ ಕಥೆ ಹೇಳಲು ಉಳಿಯುತ್ತಿರಲಿಲ್ಲ. ಬುತ್ತಿ ಕಟ್ಟಿಕೊಟ್ಟವಳು ಕುಡುಗೋಲನ್ನು ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟಳು. "ಬಾನ್ವಾರ ಅಲ್ವಲ್ಲ ಇವತ್ತು, ದಾರಿಲಿ ತಾಲೂಕಾಫೀಸ್ ತಗ್ದಿರತ್ತ. ಒಳಕ್ ಓಗ್ಬುಟ್ಟೀರಿ" ಎಂದಳು. ಬೆಳಗಿನ ಬಸ್ಸು ಹಿಡಿದು ಹೋದೆ.

ಹೊಲದ ತಲೆಯಲ್ಲಿ ಹತ್ತು ಹನ್ನೆರಡು ಜನ ಕುಡುಗೋಲು ಹಿಡಿದು ನಿಂತಿದ್ದರು. ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ನಾನು ಅಭ್ಯಾಸಬಲದಿಂದ ಹಿಂದಿನ ಕೊನೆಯಲ್ಲಿ ಹೋಗಿ ನಿಂತೆ. ವಸಂತಮ್ಮ ಸೊಂಟದ ಮೇಲೆ ಕೈಯಿಟ್ಟು ಎಲ್ಲರನ್ನೂ ಒಮ್ಮೆ ನೋಡಿ, ಪಾಲು ಹಂಚಲು ಶುರುಮಾಡಿದರು.

"ನಂದಣ್ಣ, ಮೊದ್ಲು ನೀವ್ ಬನ್ನಿ" ಎಂದು ಕರೆದರು. "ಆ ತುದಿ ಪಟ್ಟೆ ಇಡ್ಕಳಿ."

ಎಲ್ಲರೂ ತಿರುಗಿ ನೋಡಿದರು. ನಾನು ಅವರ ನಡುವಿನಿಂದ ಹಾದು ಮುಂದೆ ಬಂದು, ತೋರಿಸಿದ ಕಡೆಗೆ ನಡೆದೆ. ಅಲ್ಲಿ ಹೋಗಿ ನಿಂತ ಮೇಲೆ ಅದು ಬೇಲಿಯ ಪಕ್ಕದ ಪಟ್ಟೆ ಎಂದು ಗೊತ್ತಾಯಿತು. ಎಲ್ಲಕ್ಕಿಂತ ನಿಧಾನದವನನ್ನು ಅಲ್ಲಿ ಹಾಕುತ್ತಾರೆ, ಉಳಿದವರಿಗೆ ಅಡ್ಡ ಬರದಿರಲಿ ಎಂದು. ನಮ್ಮೂರಲ್ಲೂ ಹಾಗೇ ಮಾಡುತ್ತೇವೆ, ಹೊಲ ನನ್ನದಾಗಿದ್ದರೆ ನನ್ನನ್ನು ನಾನೂ ಅಲ್ಲೇ ಹಾಕುತ್ತಿದ್ದೆ. ಬೇಲಿಯ ಮುಳ್ಳು ಮೊಣಕೈಗೆ ತಾಕುತ್ತಿತ್ತು. ಆದರೂ ಮೊದಲು ಕರೆದದ್ದು ನನ್ನನ್ನೇ. ತೋಳು ಮಡಿಚಿ, ಬಗ್ಗಿ, ಮೊದಲ ಹಿಡಿ ಕೊಯ್ದೆ.